ನದಿಯಿಲ್ಲದ ಊರು, ಎರಡು ನದಿಗಳ ಸೀಮೆ

ಮೈಸೂರಿಗೆ ಬೆಟ್ಟವಿದೆ, ಅರಮನೆಯಿದೆ, ಕೆರೆಗಳಿವೆ. ಹೊಳೆ ಮಾತ್ರ ಇಲ್ಲ. ಕಾವೇರಿ ಊರಿನ ಉತ್ತರಕ್ಕೆ, ಶ್ರೀರಂಗಪಟ್ಟಣವನ್ನು ಸುತ್ತಿಕೊಂಡು ಹೋಗುತ್ತದೆ. ಕಬಿನಿ ದಕ್ಷಿಣದಲ್ಲಿ ನಂಜನಗೂಡಿನ ಪಕ್ಕ ಹರಿಯುತ್ತದೆ. ಎರಡೂ ಟಿ. ನರಸೀಪುರದ ತಿರುಮಕೂಡಲಿನಲ್ಲಿ ಒಂದಾಗುತ್ತವೆ. ಇವುಗಳ ನಡುವಿನ ಎತ್ತರದ ಒಣ ನೆಲದಲ್ಲಿ ಕುಳಿತ ಊರು ಸುತ್ತಲಿನ ಹೊಳೆಸೀಮೆಯನ್ನು ಶತಮಾನಗಳ ಕಾಲ ಆಳಿತು. ಆದರೆ ಜಿಲ್ಲೆಯ ಗಡಿ ಎಲ್ಲಿ ಬೀಳಬೇಕು, ಯಾವ ಹಳ್ಳಿ ಗದ್ದೆ ಕಾಣಬೇಕು, ಯಾವುದು ಮುಳುಗಬೇಕು ಎಂಬುದನ್ನು ಬಹುಪಾಲು ತೀರ್ಮಾನಿಸಿದ್ದು ಆ ಹೊಳೆಗಳಿಗೆ ಹಾಕಿದ ಕಟ್ಟೆಗಳು.

ಹೊಳೆದಂಡೆಯ ಬದುಕು ಅರಸೊತ್ತಿಗೆಗಿಂತ ಬಹಳ ಹಳೆಯದು. ಟಿ. ನರಸೀಪುರದಲ್ಲಿ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ನಡೆದ ಉತ್ಖನನದಲ್ಲಿ ನವಶಿಲಾಯುಗದ ನೆಲೆ ಸಿಕ್ಕಿತು. ಅದರ ವರದಿ 1971ರಲ್ಲಿ ಪ್ರಕಟವಾಯಿತು. ಅಲ್ಲಿನ ಸಮಾಧಿ, ಮಡಕೆಗಳ ಜೊತೆ ದೊರೆತ ವಸ್ತುಗಳಲ್ಲಿ ಎಲ್ಲರ ಕಣ್ಣು ಸೆಳೆದದ್ದು ಮಣ್ಣಿನಲ್ಲಿ ಮಾಡಿ ಸುಟ್ಟ ತಲೆದಿಂಬು. ಸಂಗಮದ ಪಕ್ಕದ ಹೆಮ್ಮಿಗೆಯಲ್ಲೂ ಅಂಥವೇ ಸಿಕ್ಕವು.

ಕೆಳಹರಿವಿನ ತಲಕಾಡು ಗಂಗರ ರಾಜಧಾನಿ. ಚೋಳರಿಂದ ಅದನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಅಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠಾಪಿಸಿದ. ತಲಕಾಡು ಎಂದೊಡನೆ ಶ್ರೀರಂಗಪಟ್ಟಣದ ವಿಜಯನಗರ ಪ್ರತಿನಿಧಿಯ ಮಡದಿ ಅಲಮೇಲಮ್ಮನ ಶಾಪದ ಕತೆ ಬರುತ್ತದೆ: 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ಒಡವೆಗಾಗಿ ಬೆನ್ನಟ್ಟಿ ಬಂದವರಿಗೆ ಸಿಕ್ಕದೆ, ತಲಕಾಡು ಮರಳಾಗಲಿ ಎಂದು ಶಪಿಸಿ ಆಕೆ ಮಾಲಂಗಿಯ ಮಡುವಿಗೆ ಹಾರಿದಳೆಂದು ಜನ ಹೇಳುತ್ತಾರೆ. ಭೂವಿಜ್ಞಾನದ ಹಾದಿ ಹಿಡಿದವರು ನೋಡುವುದು ವಿಜಯನಗರ ಕಾಲದ ಮಾಧವಮಂತ್ರಿ ಕಟ್ಟೆಯ ಕಡೆಗೆ. ಕಟ್ಟೆ ಬಂದ ಮೇಲೆ ಹೊಳೆಯ ಹರಿವು ಬದಲಾಯಿತು, ತೆರೆದುಕೊಂಡ ಮರಳನ್ನು ಗಾಳಿ ಊರಿನ ಮೇಲೆ ಎತ್ತಿ ಹಾಕಿತು ಎಂಬುದು ಅವರ ವಿವರಣೆ. ಹಾಗೆ ನೋಡಿದರೆ ಒಂದೇ ಕಟ್ಟೆ ಕೆಲವರ ಗದ್ದೆಗೆ ನೀರು ಕೊಟ್ಟಿತು, ದೇವಾಲಯಗಳನ್ನು ಮರಳಿನಡಿ ಹೂತಿತು.

ಇಂಥ ಕಲ್ಲುಕಟ್ಟೆಗಳು ಕಾವೇರಿಯುದ್ದಕ್ಕೂ ಇವೆ. ಕೆ.ಆರ್. ನಗರ ಸೀಮೆಯ ಚುಂಚನಕಟ್ಟೆ ಕಟ್ಟೆಗೂ ಹೆಸರಾದದ್ದು, ದನಗಳ ಜಾತ್ರೆಗೂ. ನಾಲೆ ಹರಿದ ಕಡೆ ಭತ್ತ, ಹರಿಯದ ಕಡೆ ರಾಗಿ, ಹುರುಳಿ, ಅವರೆ. ಗದ್ದೆಬಯಲಿನ ಊರುಗಳಲ್ಲಿ ಯಾರ ಪಾತಿಗೆ ಯಾವಾಗ ತೂಬು ತೆಗೆಯಬೇಕೆಂದು ನೋಡಿಕೊಳ್ಳುತ್ತಿದ್ದವನು ನೀರಗಂಟಿ. ಬೇಸಗೆಯಲ್ಲಿ ಗೌಡ, ಶಾನುಭೋಗರ ಮಾತಿನಷ್ಟೇ ಅವನ ಮಾತೂ ನಡೆಯುತ್ತಿತ್ತು. ಹೊಳೆ ದಾಟಿಸುವ ಕೆಲಸ ಬೆಸ್ತರದು. ಬಿದಿರ ಸೀಳುಗಳನ್ನು ಹೆಣೆದು ದೊಡ್ಡ ಬುಟ್ಟಿ ಮಾಡಿ, ಅದಕ್ಕೆ ಚರ್ಮ ಹೊದಿಸಿದರೆ ಹರಿಗೋಲು. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ತಳ ಗುಂಡಗಿರುವುದರಿಂದ ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಒಂದೇ ಹುಟ್ಟಿನಲ್ಲಿ ನೀರನ್ನು ತನ್ನತ್ತ ಎಳೆದುಕೊಳ್ಳುತ್ತ ಅಂಬಿಗ ಅದನ್ನು ಗಿರಕಿ ಹೊಡೆಯದಂತೆ ನೇರ ನಡೆಸಬೇಕು.

ಕಬಿನಿಯ ದಂಡೆಯಲ್ಲಿ ನಂಜನಗೂಡಿಗೆ ಅದರದೇ ಗತ್ತು. 1735ರಲ್ಲಿ ಕಟ್ಟಿದ ಅಲ್ಲಿನ ಸೇತುವೆಯ ಮೇಲೆ ಮುಂದೆ ರಸ್ತೆಯ ಜೊತೆಗೇ ರೈಲುಹಳಿಯೂ ಬಂತು. ಶ್ರೀಕಂಠೇಶ್ವರನಿಗೆ ಹರಕೆ ಹೊತ್ತವರು ಮೈಸೂರಿನಿಂದ ರೈಲಿನಲ್ಲೇ ಹೊಳೆ ದಾಟಿದರು. ನದಿ ತಂದು ಹಾಕಿದ ಮೆಕ್ಕಲುಮಣ್ಣಿನಲ್ಲಿ, ದೇವರಸನಹಳ್ಳಿಯ ಸುತ್ತ ಬೆಳೆದ ರಸಬಾಳೆಯ ಘಮ ಮೈಸೂರಿನ ದೇವರಾಜ ಮಾರುಕಟ್ಟೆಯವರೆಗೂ ಬಂತು. ಸೊರಗು ರೋಗ ಬಡಿದು ತೋಟಗಳು ಕುಗ್ಗಿದ ಮೇಲೆ ಈ ಹಣ್ಣಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಹೆಸರು ಉಳಿದಷ್ಟು ಸುಲಭವಾಗಿ ಗಿಡ ಉಳಿಯಲಿಲ್ಲ.

ಇನ್ನೂ ಮೇಲೆ ಹೋದರೆ ಹೆಗ್ಗಡದೇವನಕೋಟೆಯ ಕಾಡು. ವಯನಾಡಿನಿಂದ ಇಳಿಯುವ ಕಬಿನಿ ಇಲ್ಲೇ ಕರ್ನಾಟಕಕ್ಕೆ ಕಾಲಿಡುತ್ತದೆ. ಜೇನುಕುರುಬರು, ಬೆಟ್ಟಕುರುಬರು, ಯರವರು ಈ ಕಾಡಿನ ಮೂಲನಿವಾಸಿಗಳು. ಮಾಸ್ತಿಯವರ ‘ಕಾಕನಕೋಟೆ’ ನಾಟಕ ಹೇಳುವುದು ಈ ಕಾಡಿನ ಜನರ ಕತೆಯನ್ನೇ. ಹೊರಗಿನವರಿಗೆ ಕಾಕನಕೋಟೆಯ ಹೆಸರು ಗೊತ್ತಾದದ್ದು ಖೆಡ್ಡಾದಿಂದ. 1870ರ ದಶಕದಲ್ಲಿ ಜಿ.ಪಿ. ಸ್ಯಾಂಡರ್ಸನ್ ಮೈಸೂರು ಸೀಮೆಯಲ್ಲಿ ಚಾಲನೆ ಕೊಟ್ಟ ಈ ಆನೆ ಹಿಡಿಯುವ ಪದ್ಧತಿ ಕಾಕನಕೋಟೆಯಲ್ಲಿ ದೊಡ್ಡ ಪ್ರದರ್ಶನವಾಗಿ ಬೆಳೆಯಿತು. ತಮಟೆ, ಕೂಗು, ಬೆಂಕಿಗಳ ಸಾಲು ಹಿಂಡನ್ನು ಹೊಳೆಯತ್ತ ಒತ್ತುತ್ತಿತ್ತು. ಮರಿಗಳನ್ನು ನಡುವೆ ಇಟ್ಟುಕೊಂಡು ಆನೆಗಳು ಕಬಿನಿಗೆ ಇಳಿಯುತ್ತಿದ್ದವು. ಆಚೆದಡದಲ್ಲಿ ಕಾಣುವ ಏಕೈಕ ದಾರಿ ಮರದ ದಿಮ್ಮಿಗಳ ದೊಡ್ಡಿಗೆ ಹೋಗುತ್ತಿತ್ತು. ಅತಿಥಿಗಳಾಗಿ ಬಂದ ವೈಸರಾಯ್‌ಗಳು ಅಟ್ಟಣೆಯ ಮೇಲೆ ಕುಳಿತು ನೋಡುತ್ತಿದ್ದರು. ಹೆಜ್ಜೆ ಗುರುತು ಹಿಡಿದು ಹಿಂಡನ್ನು ಪತ್ತೆಮಾಡಿ, ಹಿಡಿದ ಆನೆಯನ್ನು ಪಳಗಿಸುವ ಕೆಲಸ ಕುರುಬರ ಪಾಲಿನದು.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಕಾಕನಕೋಟೆಯಲ್ಲಿ ಸೆರೆಸಿಕ್ಕ ಆನೆ ಅರ್ಜುನ 2012ರಿಂದ 2019ರವರೆಗೆ ದಸರಾ ಅಂಬಾರಿ ಹೊತ್ತು, 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಬಳಿ ಕಾಡಾನೆಯೊಡನೆ ಕಾದಾಡಿ ಸತ್ತ. ಇಂದಿಗೂ ದಸರಾ ಆನೆಗಳ ಮಾವುತರು, ಕಾವಾಡಿಗಳಲ್ಲಿ ಅನೇಕರು ಜೇನುಕುರುಬರೇ. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದಾಗ ಖೆಡ್ಡಾ ನಡೆದ ಹೊಳೆದಂಡೆ, ಹಲವು ಹಳ್ಳಿಗಳು, ಅವುಗಳ ಗುಡಿಗಳು ನೀರಿನಡಿಗೆ ಹೋದವು. ಆಚೀಚಿನ ಕಾಡು ನಾಗರಹೊಳೆ, ಬಂಡೀಪುರಗಳ ರಕ್ಷಿತ ಪ್ರದೇಶವಾಯಿತು. ಅಲ್ಲಿದ್ದ ಹಾಡಿಗಳ ಜನ ಎದ್ದು ಹೊರಬರಬೇಕಾಯಿತು. ಮೈಸೂರಿನ ಮೆರವಣಿಗೆಯಲ್ಲಿ ಆನೆಯ ಕಿವಿಯ ಹಿಂದೆ ಕುಳಿತವನ ಊರು ಹೀಗೆ ಎರಡು ಸಲ ಕೈತಪ್ಪಿತು.

ಕಾವೇರಿಯ ಕಡೆ ಇದೇ ಲೆಕ್ಕ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆದಿತ್ತು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ. ಅಡಿಪಾಯದ ಕೆಲಸದ ಹೊತ್ತಿಗೆ ಅದೇ ಜಾಗದಲ್ಲಿ ಟಿಪ್ಪು ಸುಲ್ತಾನನ 1794ರ ಪಾರಸಿ ಶಾಸನ ಸಿಕ್ಕಿತು. ಅಲ್ಲೊಂದು ಕಟ್ಟೆ ಕಟ್ಟಬೇಕೆಂದು ಅವನೂ ಹೊರಟಿದ್ದ. ಗಾರೆ, ಸುರ್ಕಿ, ಕಲ್ಲುಗಳಿಂದ ಎದ್ದ ಕಟ್ಟೆಯ ಹಿಂದೆ ಕನ್ನಂಬಾಡಿ ಊರು ಮುಳುಗಿತು. ಅದರ ಹೊಯ್ಸಳ ವೇಣುಗೋಪಾಲ ಗುಡಿ ಎಷ್ಟೋ ದಶಕ ನೀರಲ್ಲಿದ್ದು, ನಮ್ಮ ಕಾಲದಲ್ಲಿ ಹೊಸ ಕನ್ನಂಬಾಡಿಯ ದಡಕ್ಕೆ ಸ್ಥಳಾಂತರಗೊಂಡಿತು.

ನೀರು ಹೋದದ್ದು ಎತ್ತ? ಮೊದಲಿಗೆ ಎಡದಂಡೆಗೆ. ಆಗ ಇರ್ವಿನ್ ನಾಲೆ ಎನಿಸಿಕೊಂಡಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಸುರಂಗ ದಾಟಿ ಮಂಡ್ಯ ಸೀಮೆಗೆ ಇಳಿಯಿತು. ರಾಗಿ ಹೊಲಗಳು ಕಬ್ಬಿನ ಗದ್ದೆಗಳಾದವು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಮೈಸೂರಿನಿಂದ ಸಿಡಿದು ಬೇರೆ ಜಿಲ್ಲೆಯಾಯಿತು. ಕಟ್ಟೆಯ ಬಲಕ್ಕೆ, ಮೈಸೂರಿನ ಬೆನ್ನಿಗಿದ್ದ ಎತ್ತರದ ಒಣಭೂಮಿ ಮಾತ್ರ ವರುಣಾ ನಾಲೆಗಾಗಿ ಎಷ್ಟೋ ದಶಕ ಕಾಯಿತು. 1997ರಲ್ಲಿ ಚಾಮರಾಜನಗರವೂ ಬೇರೆಯಾಯಿತು. ಉಳಿದ ಮೈಸೂರು ಜಿಲ್ಲೆಯಲ್ಲಿ ಹುಣಸೂರು, ಪಿರಿಯಾಪಟ್ಟಣಗಳ ಮಳೆಯಾಶ್ರಿತ ನೆಲವನ್ನು ವರ್ಜೀನಿಯಾ ತಂಬಾಕು ಹಿಡಿಯಿತು. ಅದೇ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ಆಸುಪಾಸಿನಲ್ಲಿ ಕಾಡು ಕಡಿದು ನೆಲೆನಿಂತ ಟಿಬೆಟನ್ನರು ಮುಸುಕಿನ ಜೋಳ ಬೆಳೆಯಲು ಕಲಿತರು.

ನಗರದ ಬಾಯಾರಿಕೆಯ ಕತೆಯೂ ಈ ಹೊಳೆಗಳಿಗೇ ಹೊಂದಿಕೊಂಡಿದೆ. 19ನೆಯ ಶತಮಾನದ ಆರಂಭದಲ್ಲಿ ದಿವಾನ್ ಪೂರ್ಣಯ್ಯನವರು ಕಾವೇರಿಯನ್ನು ಮೈಸೂರಿಗೆ ಹರಿಸಲು ನಾಲೆ ತೋಡಿಸಿದರು. ನೀರು ಬರಲಿಲ್ಲ, ಪೂರ್ಣಯ್ಯ ನಾಲೆ ಎಂಬ ಹೆಸರು ಉಳಿಯಿತು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕುಕ್ಕರಹಳ್ಳಿ ಕೆರೆಯಾಯಿತು. ಆ ಶತಮಾನದ ಕೊನೆಗೆ ವಾಣಿವಿಲಾಸ ನೀರು ಸರಬರಾಜಿನ ಯಂತ್ರಗಳು ಹೊಳೆಯನ್ನು ಎತ್ತರಕ್ಕೆ ಏರಿಸಿದವು. ಈಗ ಕಾವೇರಿಯ ನೀರು ಹೊಂಗಳ್ಳಿ, ಮೇಳಾಪುರಗಳಿಂದ, ಕಬಿನಿಯ ನೀರು ಬಿದರಗೂಡಿನಿಂದ ಪಂಪಿನ ಮೂಲಕ ನಗರಕ್ಕೆ ಬರುತ್ತದೆ. ಕನ್ನಂಬಾಡಿಯ ಹಿನ್ನೀರಿನಿಂದ ಇನ್ನಷ್ಟು ನೀರೆತ್ತುವ ಹಳೆ ಉಂಡುವಾಡಿ ಯೋಜನೆಯ ನಕ್ಷೆಯಲ್ಲಿ ನಗರದ ಜೊತೆಗೆ ಸುತ್ತಲಿನ ಹಳ್ಳಿಗಳ ಹೆಸರೂ ಸೇರಿದೆ.