ಹಸಿರು ಕಾರ್ಡಿನ ಹಿಂದಿನ ಎರಡು ದಿನ

ನನ್ನ ಪರ್ಸಿನಲ್ಲಿ ಹಸಿರು ಬಣ್ಣದ ಮೆಡಿಕೇರ್ ಕಾರ್ಡ್ ಇದೆ. ಉಬ್ಬಿದ ಅಕ್ಷರಗಳು ಸವೆದು ನಮ್ಮ ಹೆಸರುಗಳೇ ಮಾಸಿವೆ. ಮೆಲ್ಬರ್ನ್‌ಗೆ ಬಂದ ಹೊಸತರಲ್ಲಿ ಮಗಳಿಗೆ ಜ್ವರ. ಡಾಕ್ಟರು ನೋಡಿದ ಮೇಲೆ ಎಷ್ಟಾಯಿತೆಂದು ಕೇಳುತ್ತಾ ನೋಟು ತೆಗೆದೆ. ಕೌಂಟರಿನ ಹೆಂಗಸು ಕಾರ್ಡ್ ಉಜ್ಜಿ ನನ್ನ ಕೈಗಿಟ್ಟು, ಅಷ್ಟೇ, ಹೋಗಿಬನ್ನಿ ಎಂದಳು. ಈ ಕಾರ್ಡು ಎಲ್ಲಿಂದ ಬಂತೆಂದು ನಾನು ಹುಡುಕತೊಡಗಿದ್ದು ಅವತ್ತಿನಿಂದ.

1972ರ ಡಿಸೆಂಬರ್ 2ರಂದು ಆಸ್ಟ್ರೇಲಿಯಾದಲ್ಲಿ ಗಾಫ್ ವಿಟ್ಲಮ್ ಅವರ ಲೇಬರ್ ಪಕ್ಷ 23 ವರ್ಷಗಳ ನಂತರ ಅಧಿಕಾರಕ್ಕೆ ಬಂತು. ಎಲ್ಲರಿಗೂ ಆರೋಗ್ಯ ವಿಮೆ ಕೊಡುತ್ತೇವೆಂದು ಜನರಿಗೆ ಮಾತು ಕೊಟ್ಟಿದ್ದರು. ಆದರೆ ಅಂದು ಜನ ಆರಿಸಿದ್ದು ಕೆಳಮನೆಯನ್ನು ಮಾತ್ರ. ಮೇಲ್ಮನೆಯಾದ ಸೆನೆಟ್‌ನಲ್ಲಿ ಕೂತಿದ್ದವರು 1967 ಮತ್ತು 1970ರಲ್ಲಿ ಆರಿಸಿ ಬಂದವರು. 60 ಸ್ಥಾನಗಳಲ್ಲಿ ಲೇಬರ್‌ಗಿದ್ದದ್ದು 26. ಹೊಸ ಸರ್ಕಾರ, ಹಳೆಯ ಸೆನೆಟ್! ವಿಮೆಯ ಮಸೂದೆ ಕೆಳಮನೆ ದಾಟಿ ಹೋಗುತ್ತಿತ್ತು, ಮೇಲ್ಮನೆಯಲ್ಲಿ ಬಿದ್ದು ವಾಪಸಾಗುತ್ತಿತ್ತು.

ಇಂಥ ಹೊತ್ತಿಗೆಂದೇ ಇಲ್ಲಿನ ಸಂವಿಧಾನದಲ್ಲಿ 57ನೇ ವಿಧಿ ಇದೆ. ಮೂರು ತಿಂಗಳ ಅಂತರದಲ್ಲಿ ಸೆನೆಟ್ ಎರಡು ಸಲ ಬೇಡವೆಂದರೆ ಎರಡೂ ಮನೆಗಳನ್ನು ವಿಸರ್ಜಿಸಿ ಚುನಾವಣೆಗೆ ಹೋಗಬಹುದು. ಆಮೇಲೂ ಹಟ ಬಿಡದಿದ್ದರೆ ಎಲ್ಲರೂ ಒಂದೇ ಸಭೆಯಲ್ಲಿ ಕೂತು ಮತ ಹಾಕಬೇಕು. ವಿಟ್ಲಮ್ 1974ರ ಮೇ 18ರಂದು ಆ ಪರೀಕ್ಷೆಗೂ ಇಳಿದು ಗೆದ್ದರು. ಸೆನೆಟ್ ಮಾತ್ರ ಮತ್ತೆ ಕೈಕೊಟ್ಟಿತು: ಈ ಸಲ 60ಕ್ಕೆ 29.

ಹಾಗಾಗಿ ಆಗಸ್ಟ್ 6 ಮತ್ತು 7ರಂದು ಕ್ಯಾನ್‌ಬೆರಾದ ಹಳೆಯ ಪಾರ್ಲಿಮೆಂಟಿನಲ್ಲಿ ಜಂಟಿ ಅಧಿವೇಶನ ನಡೆಯಿತು. ಕೆಂಪು ಆಸನಗಳ ಮೇಲ್ಮನೆಯಿಂದ ಸೆನೆಟರ್‌ಗಳು ಕೆಳಮನೆಯ ಹಸಿರು ಆಸನಗಳಿಗೆ ಬಂದರು. ಒಟ್ಟು 187 ಮಂದಿ, ಬೇಕಾದದ್ದು 94 ಮತ. ಲೇಬರ್‌ಗೆ ಕೆಳಮನೆಯ 66, ಸೆನೆಟ್‌ನ 29, ಕೂಡಿದರೆ 95. ಒಬ್ಬರಿಗೆ ಜ್ವರ, ಇನ್ನೊಬ್ಬರ ವಿಮಾನ ತಡ ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಆರೋಗ್ಯ ವಿಮೆಯ ಮಸೂದೆ 95–92ರಲ್ಲಿ ಪಾಸಾಯಿತು. 1975ರ ಜುಲೈ 1ರಿಂದ ಆ ವಿಮೆ ಮೆಡಿಬ್ಯಾಂಕ್ ಎಂಬ ಹೆಸರಲ್ಲಿ ಶುರುವಾಯಿತು. ಅಂಥ ಜಂಟಿ ಅಧಿವೇಶನ ಆಸ್ಟ್ರೇಲಿಯಾದಲ್ಲಿ ಮತ್ತೆ ನಡೆದಿಲ್ಲ.

ಅದೇ ವರ್ಷ ಅಕ್ಟೋಬರ್ 16ರಂದು ಸೆನೆಟ್ ಬಜೆಟ್ಟನ್ನೇ ತಡೆಹಿಡಿಯಿತು. ನವೆಂಬರ್ 11ರಂದು ಗವರ್ನರ್ ಜನರಲ್ ಜಾನ್ ಕೆರ್ ಸರ್ಕಾರವನ್ನು ವಜಾ ಮಾಡಿದರು. ಕಾನೂನು ತಡೆಯುವುದು ಸೆನೆಟ್‌ನ ಹಕ್ಕು, ಒಪ್ಪುತ್ತೇನೆ. ಸಂಬಳ ಕೊಡುವ ದುಡ್ಡನ್ನೇ ತಡೆದು ಸರ್ಕಾರವನ್ನು ಉರುಳಿಸಿದ್ದು ತಪ್ಪು. ನಮ್ಮ ರಾಜ್ಯಸಭೆ ಹಣಕಾಸು ಮಸೂದೆಯನ್ನು 14 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಇಲ್ಲಿನ ಸೆನೆಟ್‌ಗೆ ಆ ಗಡುವಿಲ್ಲ, ಇವತ್ತಿಗೂ ಇಲ್ಲ.

ಮೆಡಿಬ್ಯಾಂಕನ್ನು ಮುಂದಿನ ಸರ್ಕಾರ ಕಳಚಿಹಾಕಿತು. ಬಾಬ್ ಹಾಕ್ ಸರ್ಕಾರ 1984ರ ಫೆಬ್ರವರಿ 1ರಂದು ಮೆಡಿಕೇರ್ ಎಂಬ ಹೆಸರಲ್ಲಿ ಅದಕ್ಕೆ ಮರುಜೀವ ಕೊಟ್ಟಿತು.

2013ರಲ್ಲಿ ನಾನು ಮತ ಹಾಕಿದೆ. ವಿಕ್ಟೋರಿಯಾದ ಸೆನೆಟ್ ಮತಪತ್ರದಲ್ಲಿ 97 ಹೆಸರು, ಒಂದು ಮೀಟರಿಗೂ ಉದ್ದ. ಓದಲು ಮತಗಟ್ಟೆಯಲ್ಲಿ ಭೂತಗನ್ನಡಿಯ ಹಾಳೆ ಇಟ್ಟಿದ್ದರು. ಹರಡಲು ಜಾಗವಿಲ್ಲದೆ ಮೊಣಕೈಯಿಂದ ಒತ್ತಿಟ್ಟುಕೊಂಡು ಪೆನ್ಸಿಲ್‌ನಲ್ಲಿ ಬರೆದೆ. ಟೋನಿ ಅಬಟ್ ಕೆಳಮನೆಯಲ್ಲಿ 150ಕ್ಕೆ 90 ಗೆದ್ದು ಸರ್ಕಾರ ರಚಿಸಿದರು. ಆದರೆ 2014ರ ಜುಲೈನಲ್ಲಿ ಕೂತ ಹೊಸ ಸೆನೆಟ್‌ನಲ್ಲಿ ಅವರ ಮೈತ್ರಿಕೂಟಕ್ಕೆ 76ರಲ್ಲಿ 33 ಮಾತ್ರ. ಡಾಕ್ಟರನ್ನು ನೋಡಲು ತಲಾ 7 ಡಾಲರ್ ವಸೂಲಿ ಮಾಡುವ ಅವರ ಬಜೆಟ್ ಪ್ರಸ್ತಾಪ ಸೆನೆಟ್‌ನ ಬೆಂಬಲ ಸಿಗದೆ ಸೊರಗಿತು. 2015ರ ಮಾರ್ಚ್‌ನಲ್ಲಿ ಕೈಬಿಟ್ಟರು. ನಲವತ್ತು ವರ್ಷ ಹಿಂದೆ ಈ ಕಾರ್ಡಿಗೆ ಅಡ್ಡ ನಿಂತ ಮನೆಯೇ ಈ ಸಲ ಅದನ್ನು ಕಾಯಿತು.

ಹೊಸದಾಗಿ ಪೌರತ್ವ ಪಡೆಯುವ ನಮ್ಮ ಕನ್ನಡದವರಿಗೆ ನಾನು ಹೇಳುವುದಿಷ್ಟು. ಮತಗಟ್ಟೆಯಲ್ಲಿ ಎರಡು ಕಾಗದ ಕೊಡುತ್ತಾರೆ. ಚಿಕ್ಕ ಹಸಿರು ಕಾಗದ ಸರ್ಕಾರ ಯಾರದೆಂದು ಹೇಳುತ್ತದೆ. ಉದ್ದನೆಯ ಬಿಳಿ ಕಾಗದ ಸೆನೆಟ್‌ನದು. ಆ ಸರ್ಕಾರ ಏನು ಮಾಡಬಲ್ಲದು ಎಂಬುದು ಅದರಲ್ಲಿದೆ. ಆ ಬಿಳಿ ಕಾಗದದ ಅಡ್ಡಗೆರೆಯ ಮೇಲ್ಭಾಗದಲ್ಲಿ ಬರೆಯುವುದಾದರೆ ಕನಿಷ್ಠ ಆರು ಸಂಖ್ಯೆ ಬರೆಯಬೇಕು. ಅವಸರ ಮಾಡಬೇಡಿ, ಐದು ನಿಮಿಷ ಹೆಚ್ಚು ಕೊಡಿ.