ಮಂಗಳೂರಿನ ಅಳಿವೆಯನ್ನು ದಾಟಿದವರು

ಮಂಗಳೂರಿನ ಪೂರ್ವದ ಗುಡ್ಡಗಳಲ್ಲಿರುವ ಕುಲಶೇಖರವು ಆಳುಪ ವಂಶದ ಕುಲಶೇಖರನೆಂಬ ಅರಸನನ್ನು ನೆನಪಿಗೆ ತರುತ್ತದೆ. ಆಳುಪರ ಕಾಲದಲ್ಲಿ ಈ ರೇವಿಗೆ ಕಡಲಾಚೆಯ ವರ್ತಕರು ಬರುತ್ತಿದ್ದರೆಂಬುದಕ್ಕೆ ಸಾಕ್ಷ್ಯವುಂಟು. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯನು ಕ್ರಿ.ಶ. 1132ರ ಸುಮಾರಿನಿಂದ 1149ರ ವರೆಗೆ ಇಲ್ಲಿ ವ್ಯಾಪಾರ ನಡೆಸಿ, ಏಡನ್ನಿಗೆ ಮೆಣಸು, ಕಬ್ಬಿಣಗಳನ್ನು ಕಳುಹಿಸುತ್ತಿದ್ದನು. ಅವನ ಕಾಗದಗಳು ಕೈರೋವಿನಲ್ಲಿ ದೊರೆತಿವೆ. ಅರಸರನ್ನೂ ವರ್ತಕರನ್ನೂ ನಾವು ಬಲ್ಲೆವು. ಸರಕನ್ನು ಅಳಿವೆ ದಾಟಿಸಿದವರನ್ನು ಮಾತ್ರ ಕೇಳಿದವರಿಲ್ಲ. 1783ರ ಕೋಟೆಯ ಮುತ್ತಿಗೆಗೆ ಪುಟಗಟ್ಟಲೆ ಕೊಡುವ ನಾವು ಅವರ ವಿದ್ಯೆಗೆ ಒಂದು ಸಾಲನ್ನೂ ಕೊಟ್ಟಿಲ್ಲ.

ನೇತ್ರಾವತಿಯೂ ಗುರುಪುರ ಹೊಳೆಯೂ ಕಡಲನ್ನು ಸೇರುವೆಡೆಯಲ್ಲಿ, ಹೊಳೆ ತಂದ ಮರಳನ್ನು ತೆರೆಗಳು ಹಿಂದಕ್ಕೆ ನೂಕುತ್ತವೆ. ಹೀಗೆ ಅಳಿವೆಯ ಬಾಯಿಗೆ ಅಡ್ಡಲಾಗಿ ಮರಳ ದಿಣ್ಣೆ ಬೆಳೆಯುತ್ತದೆ. ಮಳೆಗಾಲ ಕಳೆದಂತೆ ಅದು ಸ್ಥಳ ಬದಲಾಯಿಸುವುದರಿಂದ ಹೋದ ವರ್ಷದ ದಾರಿ ಈ ವರ್ಷ ಸಲ್ಲದು. ಉಗಿಹಡಗುಗಳು ಈ ಕಾರಣದಿಂದಲೇ ಹೊರಗಡಲಿನಲ್ಲಿ ಲಂಗರು ಹಾಕುತ್ತಿದ್ದವು. ಘಟ್ಟದ ಕಾಫಿಯಾಗಲಿ, 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಸ್ಥಾಪಿಸಿದ ಕಾರ್ಖಾನೆಯ ಹಂಚಾಗಲಿ, ಸಣ್ಣ ಮಚವೆಗಳಲ್ಲಿ ದಿಣ್ಣೆ ದಾಟಿಯೇ ಅವನ್ನು ಸೇರಬೇಕಾಗಿತ್ತು.

ದಾಟುವ ಕ್ರಮವೇನು? ತಂಡೇಲನು ಮೊದಲು ಭರತವನ್ನು ಕಾಯುತ್ತಾನೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ನೀರು ಮೂರು ನಾಲ್ಕು ಅಡಿ ಏರುವುದು. ಅಷ್ಟೇ ಅವನ ಬಂಡವಾಳ. ಏರುವುದು ಪೂರ್ತಿಯಾಗುವ ಮುನ್ನವೇ ಹೊರಡುವುದು ಲೇಸು, ಏಕೆಂದರೆ ತಳವು ಮರಳಿಗೆ ತಗಲಿದರೂ ಏರುವ ನೀರು ದೋಣಿಯನ್ನು ಎತ್ತಿಬಿಡುತ್ತದೆ. ಇಳಿತದಲ್ಲಿ ಹಾಗಲ್ಲ. ಹೊರಕ್ಕೆ ನುಗ್ಗುವ ಹೊಳೆಯ ಸೆಳೆತಕ್ಕೆ ಕಡಲ ತೆರೆ ಎದುರಾಗಿ, ಗೋಡೆಯಂತೆ ಎದ್ದು ಒಡೆಯುತ್ತದೆ. ನೊರೆಯೇಳುವಲ್ಲಿ ಮರಳು, ನೀರು ಕಪ್ಪಾಗಿ, ಒಡೆಯದೆ ಉರುಳುವಲ್ಲಿ ಆಳ. ಮುಂದುಗಡೆ ನಿಂತವನೊಬ್ಬನು ಗಳೆಯಿಂದ ಆಳ ನೋಡಿ ಕೂಗಿ ಹೇಳುತ್ತಾನೆ. ತಂಡೇಲನು ದಡದ ಎರಡು ಗುರುತುಗಳನ್ನು ಒಂದೇ ನೇರಕ್ಕೆ ತಂದುಕೊಳ್ಳುತ್ತಾನೆ. ದೊಡ್ಡ ತೆರೆಗಳು ಕೆಲವು ಒಟ್ಟಾಗಿ ಬಂದು ಹೋದ ಬಳಿಕ ತುಸು ಬಿಡುವುಂಟು. ಆ ಬಿಡುವಿನಲ್ಲಿ ಹೊರಟವನು ನಡುವೆ ಹೆದರಿ ಹಿಂದಿರುಗಬಾರದು. ತೆರೆಗೆ ಪಕ್ಕೆಗೊಟ್ಟ ದೋಣಿ ಮಗುಚುತ್ತದೆ. ಇಂಥ ಮರಣಗಳಿಗೆ ಶಾಸನವಿಲ್ಲ, ವೀರಗಲ್ಲಿಲ್ಲ.

1974ರಲ್ಲಿ ಪಣಂಬೂರಿನ ಹೊಸ ಬಂದರು ದೇಶದ ಪ್ರಧಾನ ಬಂದರುಗಳಲ್ಲಿ ಒಂದೆಂದು ಘೋಷಿತವಾದ ಮೇಲೆ ದೊಡ್ಡ ಹಡಗುಗಳು ನೇರವಾಗಿ ಧಕ್ಕೆಗೇ ಬರುತ್ತಿವೆ. ಹಳೆಯ ಅಳಿವೆ ಮೀನುಗಾರರ ಪಾಲಿಗೆ ಉಳಿದಿದೆ. ಅಲ್ಲಿ ಕಲ್ಲಿನ ತಡೆಗೋಡೆಗಳಾಗಿವೆ, ಹೂಳನ್ನು ಎತ್ತುವುದೂ ಉಂಟು. ಆದರೂ ಯಂತ್ರದೋಣಿಯ ಚುಕ್ಕಾಣಿ ಹಿಡಿದವನು ಕಡಲು ಕೆಟ್ಟಿರುವ ದಿನ ಅಳಿವೆಯ ಒಳಗೇ ನಿಂತು, ತೆರೆಗಳನ್ನು ಎಣಿಸಿ ಹೊರಡುತ್ತಾನೆ.