ದೃಷ್ಟಿದೋಷ, ರಕ್ಷಾಯಂತ್ರ ಮತ್ತು ಜೈನ ಮಂತ್ರಗ್ರಂಥಗಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತುಗಳು. ಎರಡು ನುಡಿಯವರೂ ಕೆಟ್ಟ ಕಣ್ಣಿನ ತಾಕನ್ನು ‘ದಿಷ್ಟಿ’ ಎಂದೇ ಕರೆಯುತ್ತಾರೆ. ಕೂಸಿನ ಕೆನ್ನೆಗೆ ಕಪ್ಪು ಬೊಟ್ಟು, ಸೊಂಟಕ್ಕೆ ಉಡಿದಾರ, ಕೊರಳಿಗೆ ತಾಯತ. ಹೊಸ ಮನೆಯ ಬಾಗಿಲಿಗೆ ಬೂದುಗುಂಬಳ, ಹೊಲಕ್ಕೆ ಬೆರ್ಚಪ್ಪ. ರೇಷ್ಮೆಹುಳು ಸಾಕುವ ಮನೆಯೊಳಕ್ಕೆ ಹೊರಗಿನವರನ್ನು ಬಿಡದಿರುವುದು ಹುಳುವಿನ ರೋಗಕ್ಕೆ ಅಂಜಿ ಹೇಗೋ ದಿಷ್ಟಿಗೆ ಅಂಜಿಯೂ ಹಾಗೆಯೇ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಪೀಡೆ ಕಳೆಯಲೆಂದು ಎಲ್ಲ ಮತದವರೂ ಹೋಗುತ್ತಾರೆ. ಈ ನಾಡು ಜೈನಧರ್ಮಕ್ಕೆ ಹೊಸದಲ್ಲ. ನಂದಿಯ ಗೋಪಿನಾಥಬೆಟ್ಟದಲ್ಲಿರುವ, ಸುಮಾರು ಎಂಟನೆಯ ಶತಮಾನದ ಶಾಸನವು ಅಲ್ಲಿನ ಅರ್ಹತ್ಪರಮೇಷ್ಠಿಯ ಚೈತ್ಯವನ್ನು ದಶರಥಪುತ್ರನಾದ ರಾಮನು ಸ್ಥಾಪಿಸಿದನೆಂದೂ ಪಾಂಡವಮಾತೆ ಕುಂತಿಯು ಜೀರ್ಣೋದ್ಧಾರ ಮಾಡಿಸಿದಳೆಂದೂ ಸಾರುತ್ತದೆ.

‘ದಿಷ್ಟಿ’ಯು ‘ದೃಷ್ಟಿ’ಯ ತದ್ಭವ. ಜೈನಶಾಸ್ತ್ರದಲ್ಲಿ ಈ ದೃಷ್ಟಿಶಬ್ದಕ್ಕೆ ಶ್ರದ್ಧಾನವೆಂಬ ಅರ್ಥವಿದೆ. ಸಮ್ಯಗ್ದೃಷ್ಟಿಯು ಸಪ್ತಭಯಗಳಿಂದ ಮುಕ್ತನೆಂಬುದು ಪ್ರಸಿದ್ಧವೇ. ಅಂಥವನು ಅನ್ಯರ ದೃಷ್ಟಿಗೆ ಅಂಜಿ ತೋಳಿಗೆ ತಗಡು ಕಟ್ಟಿಕೊಳ್ಳಬಹುದೆ? ಜೀವಿಗಳ ಸುಖದುಃಖಗಳು ಅವರವರ ಕರ್ಮೋದಯದಿಂದ ಒದಗುತ್ತವೆ, ಒಬ್ಬನು ಇನ್ನೊಬ್ಬನನ್ನು ಸುಖಿಯನ್ನಾಗಿಯೋ ದುಃಖಿಯನ್ನಾಗಿಯೋ ಮಾಡುತ್ತೇನೆಂದು ಬಗೆಯುವುದು ಅಜ್ಞಾನವೆಂದು ಸಮಯಸಾರದ ಬಂಧಾಧಿಕಾರ ಹೇಳುತ್ತದೆ. ಸಮಂತಭದ್ರರ ರತ್ನಕರಂಡಕವು ಲೋಕಮೂಢತೆ, ದೇವಮೂಢತೆ, ಪಾಖಂಡಿಮೂಢತೆಗಳನ್ನು ಬಿಡಿಸಿ ತೋರಿಸಿ ನಿಷೇಧಿಸುತ್ತದೆ. ಇಷ್ಟನ್ನೇ ಓದಿದವರಿಗೆ ರಕ್ಷಾಯಂತ್ರವೆಂಬುದು ಹೊರಗಿನಿಂದ ನುಸುಳಿದ ಮಿಥ್ಯಾತ್ವವೆಂದು ತೋರುವುದು ಸಹಜ. ಆದರೆ ಗ್ರಂಥಭಂಡಾರಗಳ ಸಾಕ್ಷ್ಯವು ಅಷ್ಟು ಸರಳವಾಗಿಲ್ಲ.

ಜಿನಸೇನಾಚಾರ್ಯರ ಆದಿಪುರಾಣವು ಒಂಬತ್ತನೆಯ ಶತಮಾನದ ಗ್ರಂಥ. ಅದರ ಗರ್ಭಾನ್ವಯಕ್ರಿಯೆಗಳಲ್ಲಿ ಒಂಬತ್ತನೆಯ ತಿಂಗಳ ಮೋದಕ್ರಿಯೆಯೂ ಒಂದು. ಅಲ್ಲಿ ಗರ್ಭಿಣಿಗೆ ಗಾತ್ರಿಕಾಬಂಧ, ಮಂಗಲಪ್ರಸಾಧನಗಳೊಡನೆ ರಕ್ಷಾಸೂತ್ರವೂ ವಿಹಿತವಾಗಿದೆ. ಹೊಟ್ಟೆಯಲ್ಲಿರುವ ಶಿಶುವನ್ನೂ ತಾಯಿಯನ್ನೂ ಕಾಯುವ ದಾರವು ಹೀಗೆ ಶ್ರಾವಕಸಂಸ್ಕಾರದ ಅಂಗವಾಗಿಯೇ ಬಂದಿದೆ. ಅದನ್ನು ಕೇವಲ ಹಳ್ಳಿಗರ ಭ್ರಮೆಯೆಂದು ತಳ್ಳಿಹಾಕುವಂತಿಲ್ಲ.

ಇದಕ್ಕಿಂತ ಸ್ಪಷ್ಟವಾದ ಆಧಾರ ಇಂದ್ರನಂದಿಯ ಜ್ವಾಲಾಮಾಲಿನೀಕಲ್ಪ. ಇದು ಶಕ 861ರಲ್ಲಿ, ಎಂದರೆ ಕ್ರಿ.ಶ. 939ರಲ್ಲಿ, ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟದಲ್ಲಿ ಮುಗಿಯಿತು. ಇದರ ಮೂಲ ಹೇಲಾಚಾರ್ಯರ ಮತ. (ಕುಂದಕುಂದರಿಗೆ ಸಲ್ಲುವ ಏಲಾಚಾರ್ಯನಾಮದೊಡನೆ ಈ ಹೆಸರನ್ನು ಬೆರೆಸಬಾರದು.) ದ್ರವಿಡಗಣದ ಈ ಮುನಿಗಳ ಶಿಷ್ಯೆ ಕಮಲಶ್ರೀಯನ್ನು ಬ್ರಹ್ಮರಾಕ್ಷಸನು ಹಿಡಿದನು. ಶಾಸ್ತ್ರ ಬಲ್ಲ ಆಕೆ ಅಳುತ್ತ, ನಗುತ್ತ, ಮನಬಂದಂತೆ ಮಾತನಾಡತೊಡಗಿದಳು. ಆಚಾರ್ಯರು ಹೇಮಗ್ರಾಮದ ಸಮೀಪದ ನೀಲಗಿರಿಯನ್ನೇರಿ ವಹ್ನಿದೇವಿಯನ್ನು ಆರಾಧಿಸಿದರು. ಪ್ರತ್ಯಕ್ಷಳಾದ ದೇವಿ ಏನು ಬೇಕೆಂದಾಗ ಕಾಮವನ್ನಾಗಲಿ ಅರ್ಥವನ್ನಾಗಲಿ ಬೇಡದೆ ಶಿಷ್ಯೆಯ ಗ್ರಹಮೋಕ್ಷವೊಂದನ್ನೇ ಕೇಳಿದರು. ದೇವಿಯು ಲೋಹಪತ್ರದ ಮೇಲೆ ಮಂತ್ರವನ್ನು ಬರೆದುಕೊಟ್ಟಳು. ಮಂತ್ರಾಕ್ಷರವನ್ನು ತಗಡಿನ ಮೇಲೆ ಬರೆದು ಪೀಡೆಯನ್ನು ಕಳೆಯುವ ಇಂದಿನ ರೂಢಿಗೆ ಜೈನಸಾಹಿತ್ಯದಲ್ಲಿ ಇದಕ್ಕಿಂತ ಹತ್ತಿರದ ಕಥೆ ಸಿಗುವುದು ಕಷ್ಟ. ಕಥೆಯ ತಿರುಳು ಇರುವುದು ಮಾತ್ರ ತಗಡಿನಲ್ಲಲ್ಲ, ಆಚಾರ್ಯರು ಏನನ್ನು ಬೇಡಲಿಲ್ಲ ಎಂಬುದರಲ್ಲಿ.

ಕಲ್ಪದ ಅಧಿಕಾರಗಳ ಕ್ರಮವೂ ಇದನ್ನೇ ಸೂಚಿಸುತ್ತದೆ. ಹತ್ತು ಅಧಿಕಾರಗಳಲ್ಲಿ ಮೊದಲನೆಯದು ಮಂತ್ರಿಯ, ಎಂದರೆ ಸಾಧಕನ, ಲಕ್ಷಣವನ್ನು ಹೇಳುತ್ತದೆ. ಎರಡನೆಯದು ಗ್ರಹಗಳ ಭೇದವನ್ನು. ಮುದ್ರೆ, ಮಂಡಲ, ಕಟುತೈಲಗಳನ್ನು ದಾಟಿದ ಮೇಲೆಯೇ ಯಂತ್ರದ ಮಾತು. ನೀರಾಜನವಿಧಿಗೆ ಪ್ರತ್ಯೇಕ ಅಧಿಕಾರವೇ ಇದೆ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವ ಅಜ್ಜಿಯು ಆ ಅಧ್ಯಾಯವನ್ನು ಓದಿದವಳಲ್ಲ. ಎತ್ತಿ ಇಳಿಸಿ ಪೀಡೆ ಕಳೆಯುವ ಭಾವ ಮಾತ್ರ ಎರಡು ಕಡೆಯೂ ಒಂದೇ. ಶಾಸ್ತ್ರದಿಂದ ಲೋಕಕ್ಕೆ ಇಳಿಯಿತೋ ಲೋಕದಿಂದ ಶಾಸ್ತ್ರಕ್ಕೆ ಏರಿತೋ ಎಂಬ ವಾದದಿಂದ ಹೆಚ್ಚಿನ ಪ್ರಯೋಜನವಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಮಲ್ಲಿಷೇಣಸೂರಿಯು ಭೈರವಪದ್ಮಾವತೀಕಲ್ಪವನ್ನು ರಚಿಸುವ ವೇಳೆಗೆ ಈ ವಿದ್ಯೆ ಜೈನವಾಙ್ಮಯದಲ್ಲಿ ಬೇರೂರಿತ್ತು. ಸಿಂಹನಗದ್ದೆಯ ಜ್ವಾಲಾಮಾಲಿನಿ, ಹೊಂಬುಜದ ಪದ್ಮಾವತಿಯರಿಗೆ ಇಂದಿಗೂ ಸಲ್ಲುವ ಭಕ್ತಿ ಪ್ರತ್ಯಕ್ಷವಾಗಿಯೇ ಇದೆ.

ಇಂದ್ರನಂದಿಯ ಗ್ರಂಥ ಮುಗಿದ ಇಪ್ಪತ್ತು ವರ್ಷಗಳಲ್ಲಿ, ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿಯೇ, ಸೋಮದೇವಸೂರಿಯು ಯಶಸ್ತಿಲಕವನ್ನು ಪೂರೈಸಿದನು (ಶಕ 881, ಕ್ರಿ.ಶ. 959). ಸಮ್ಯಕ್ತ್ವಕ್ಕೆ ಹಾನಿಯಾಗದ, ವ್ರತಕ್ಕೆ ದೋಷ ತಗುಲದ ಲೌಕಿಕವಿಧಿಯೆಲ್ಲವೂ ಜೈನರಿಗೆ ಪ್ರಮಾಣವೆಂದು ಅವನ ನಿರ್ಣಯ. ಈ ಮಾತಿನ ಮೊದಲರ್ಧವನ್ನು ಹಿಡಿದವರು ಎಲ್ಲ ತಾಯತಗಳನ್ನೂ ಸಮರ್ಥಿಸಿದ್ದಾರೆ, ಎರಡನೆಯರ್ಧವನ್ನು ಹಿಡಿದವರು ಎಲ್ಲವನ್ನೂ ಜರೆದಿದ್ದಾರೆ. ಎರಡನ್ನೂ ಕೂಡಿಸಿ ಓದಿದರೆ ತೂಗಬೇಕಾದದ್ದು ದಾರವನ್ನಲ್ಲ, ಕಟ್ಟುವವನ ಹಾಗೂ ಕಟ್ಟಿಸಿಕೊಳ್ಳುವವನ ಪರಿಣಾಮವನ್ನು. ಕೂಸಿನ ಜ್ವರಕ್ಕೆ ನೆರೆಮನೆಯವಳ ಕಣ್ಣೇ ಕಾರಣವೆಂದು ದ್ವೇಷ ಕಟ್ಟಿಕೊಂಡಲ್ಲಿ ವ್ರತಭಂಗ ಆಗಲೇ ಆಗಿಹೋಗಿರುತ್ತದೆ. ಕೋಳಿ ಕೊಯ್ದು ದಿಷ್ಟಿ ತೆಗೆಸುವುದಂತೂ ವಿಚಾರಕ್ಕೇ ಅರ್ಹವಲ್ಲ.

ಹಸ್ತಪ್ರತಿಶಾಸ್ತ್ರದ ಕಡೆಯಿಂದ ಇನ್ನೊಂದು ಅಂಶ ಗಮನಾರ್ಹ. ತೋಳಿಗೆ ಏರುವುದು ಕೋಷ್ಠಕ, ಬೀಜಾಕ್ಷರಗಳಷ್ಟೆ. ಮಂತ್ರಿಲಕ್ಷಣವೂ ಸಾಧನವಿಧಿಯೂ ಕಟ್ಟಿನಲ್ಲಿಯೇ ಉಳಿಯುತ್ತವೆ. ಯಂತ್ರದ ಒಂದು ಗರಿಯನ್ನು ಮಾತ್ರ ಪ್ರತಿಮಾಡಿಕೊಂಡಾಗ ಆಚಾರ್ಯರ ನಿಬಂಧನೆ ತಪ್ಪಿ ಅವರ ಉಪಾಯವೊಂದೇ ಕೈಗೆ ಬರುತ್ತದೆ. ಆದುದರಿಂದ ಸಂಪಾದಕರು ಇಂಥ ಬಿಡಿಗರಿಗಳನ್ನು ಕ್ಷುಲ್ಲಕವೆಂದು ಬದಿಗಿರಿಸದೆ, ಅವು ಯಾವ ಕಲ್ಪದ ಯಾವ ಅಧಿಕಾರದಿಂದ ಬೇರ್ಪಟ್ಟವೆಂಬುದನ್ನು ಮೂಲದೊಡನೆ ಹೋಲಿಸಿ ಸೂಚಿಯಲ್ಲಿಯೇ ನಮೂದಿಸುವುದು ಯುಕ್ತ.